ಗೋಡೆ ಕಾಗದದ ಮೇಲೆ ಅಚ್ಚಾದ ಊರು

ಅಮೆರಿಕದ ಮಿಸಿಸಿಪಿ ರಾಜ್ಯದ ವಿಕ್ಸ್‌ಬರ್ಗ್ ಪಟ್ಟಣದಲ್ಲಿ ಜೆ.ಎಂ. ಸೋರ್ಡ್ಸ್ ಎಂಬಾತ ‘ಡೈಲಿ ಸಿಟಿಜನ್’ ಎಂಬ ಪತ್ರಿಕೆ ನಡೆಸುತ್ತಿದ್ದ. 1863ರ ಜೂನ್ ಹೊತ್ತಿಗೆ ಅವನ ಹತ್ತಿರ ಅಚ್ಚು ಹಾಕಲು ಕಾಗದ ಉಳಿಯಲಿಲ್ಲ. ಹೊರಗಿನಿಂದ ತರಿಸುವ ದಾರಿಗಳೆಲ್ಲ ಮುಚ್ಚಿದ್ದವು. ಆತ ಪತ್ರಿಕೆ ನಿಲ್ಲಿಸಲಿಲ್ಲ. ಮನೆಗಳ ಗೋಡೆಗೆ ಅಂಟಿಸುವ ಬಣ್ಣದ ವಾಲ್‌ಪೇಪರನ್ನು ಒಟ್ಟುಮಾಡಿ, ಅದರ ಬೋಳು ಬೆನ್ನಿನ ಮೇಲೆ ಸುದ್ದಿ ಅಚ್ಚು ಹಾಕಿದ. ಹಾಗೆ ಹೊರಬಂದ ಆರು ಸಂಚಿಕೆಗಳು ಇಂದಿಗೆ ಗೊತ್ತಿವೆ: ಜೂನ್ 16, 18, 20, 27, 30 ಮತ್ತು ಜುಲೈ 2. ಒಂದೇ ಹಾಳೆ, ಒಂದೇ ಮಗ್ಗುಲು, ನಾಲ್ಕು ಕಾಲಂ. ತಿರುಗಿಸಿ ನೋಡಿದರೆ ಯಾರದೋ ಪಡಸಾಲೆಗೆಂದು ಮಾಡಿದ ಚಿತ್ತಾರ.

ಉತ್ತರದ ರಾಜ್ಯಗಳಿಗೂ, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟ ಬಿಟ್ಟು ಹೊರಟ ದಕ್ಷಿಣದ ರಾಜ್ಯಗಳಿಗೂ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಮಿಸಿಸಿಪಿ ನದಿಯ ತಿರುವಿನ ಮೇಲೆ ದಿಬ್ಬದಲ್ಲಿ ಕೂತಿದ್ದ ವಿಕ್ಸ್‌ಬರ್ಗ್ ಕೈವಶವಾದರೆ ದಕ್ಷಿಣದ ಪ್ರದೇಶ ಎರಡು ಹೋಳಾಗುತ್ತಿತ್ತು. ಹಾಗಾಗಿ ಜನರಲ್ ಗ್ರಾಂಟ್‌ನ ಉತ್ತರದ ಸೈನ್ಯ ಮೇ 18ರಂದು ಊರನ್ನು ಸುತ್ತುವರಿಯಿತು. ನಲವತ್ತೇಳು ದಿನ ಮುತ್ತಿಗೆ ನಡೆಯಿತು. ನೆಲದ ಕಡೆಯಿಂದ ತೋಪುಗಳು, ನದಿಯ ಕಡೆಯಿಂದ ಹಡಗಿನ ಗುಂಡುಗಳು. ಊರಿನ ಮೆತ್ತನೆಯ ಹಳದಿ ಮಣ್ಣಿನ ದಿಬ್ಬಗಳನ್ನು ಕೊರೆದು ಜನ ಗುಹೆಗಳಲ್ಲಿ ವಾಸ ಮಾಡಿದರು. ಕಂಬಳಿ, ಕುರ್ಚಿ, ಮಂಚಗಳನ್ನೂ ಒಳಗೆ ಸಾಗಿಸಿದರು. ಆ ಗುಹೆಗಳ ಬದುಕನ್ನು ಮೇರಿ ಲಾಫ್‌ಬರೋ ಎಂಬ ಹೆಣ್ಣುಮಗಳು ಮರುವರ್ಷವೇ ಪುಸ್ತಕ ಮಾಡಿದಳು.

ಜುಲೈ 2ರ ಸಂಚಿಕೆಯನ್ನು ಓದಿದಾಗಲೆಲ್ಲ ನನಗೆ ಅನ್ನಿಸುವುದು, ಯುದ್ಧದ ಬಗ್ಗೆ ಅಚ್ಚಾದ ದೊಡ್ಡ ಪುಟಗಳಲ್ಲಿ ಇದೂ ಒಂದು ಎಂದು. ಅದರಲ್ಲಿರುವುದು ಬಹುಪಾಲು ಸಣ್ಣ ಸುದ್ದಿ. ಒಬ್ಬ ಮೇಜರ್ ಸಂಪಾದಕರಿಗೆ ಹೇಸರಗತ್ತೆಯ ಮಾಂಸದ ತುಂಡೊಂದನ್ನು ಕಳಿಸಿದ್ದಾನೆ. ತಿಂದು ನೋಡಿದೆವು, ರುಚಿಯಾಗಿದೆ, ಮೆದುವಾಗಿದೆ, ಅಗತ್ಯ ಬಿದ್ದರೆ ಯಾರೂ ಹೇಸಬೇಕಿಲ್ಲ ಎಂದು ಪತ್ರಿಕೆ ಭರವಸೆ ಕೊಡುತ್ತದೆ. ಇನ್ನೊಂದು ಕಡೆ, ಸಿಪಾಯಿಗಳು ಹಗಲು ರಾತ್ರಿ ಅಲೆದು ಜನರ ಹಿತ್ತಿಲಿನ ಹಣ್ಣು, ತರಕಾರಿ, ಕೋಳಿಗಳನ್ನು ಕದಿಯುತ್ತಿದ್ದಾರೆ, ಅಧಿಕಾರಿಗಳು ನೋಡಿಯೂ ಸುಮ್ಮನಿದ್ದಾರೆ ಎಂಬ ದೂರು. ಜಾಕ್ಸನ್ ರಸ್ತೆಯಲ್ಲಿ ಸೋಮವಾರ ಒಬ್ಬ ಮಹಿಳೆ ಸ್ಥಳದಲ್ಲೇ ಸತ್ತಳು. ಅವಳ ಗಂಡ ದೂರದ ವರ್ಜೀನಿಯಾದಲ್ಲಿ ಫಿರಂಗಿ ದಳದಲ್ಲಿದ್ದಾನೆ ಎಂಬ ನಾಲ್ಕು ಸಾಲು. ಆ ಗಂಡನಿಗೆ ಸುದ್ದಿ ಎಂದು ತಲುಪಿತೋ.

ಬೆಲೆಗಳ ಮಾತು ಬಂದಾಗ ಪತ್ರಿಕೆಯ ದನಿ ಏರುತ್ತದೆ. ಊರಿನಲ್ಲಿ ಕೆಲವರು ಧಾನ್ಯ ಬಚ್ಚಿಟ್ಟುಕೊಂಡು ಬಾಯಿಗೆ ಬಂದ ಬೆಲೆಗೆ ಮಾರುತ್ತಿದ್ದಾರೆ. ಒಂದು ಪೌಂಡ್ ಹಿಟ್ಟಿಗೆ ಐದು ಡಾಲರ್! ಒಂದು ಗ್ಯಾಲನ್ ಕಾಕಂಬಿಗೆ ಹತ್ತು ಡಾಲರ್! ಒಂದು ಬುಶೆಲ್ ಜೋಳಕ್ಕೆ ಹತ್ತು ಡಾಲರ್! ಆಶ್ಚರ್ಯಸೂಚಕ ಚಿಹ್ನೆಗಳು ನನ್ನವಲ್ಲ, ಪತ್ರಿಕೆಯವೇ. ಆ ಸೈನ್ಯದ ಸಾಮಾನ್ಯ ಸಿಪಾಯಿಯ ಸಂಬಳ ತಿಂಗಳಿಗೆ 11 ಡಾಲರ್. ಅಂದರೆ ತಿಂಗಳ ದುಡಿಮೆಗೆ ಒಂದು ಸೇರು ಹಿಟ್ಟು. ಕೋಳಿ ಕದ್ದ ಸಿಪಾಯಿಯ ಸುದ್ದಿಗೂ ಈ ಬೆಲೆಯ ಸುದ್ದಿಗೂ ಸಂಬಂಧವಿದೆ ಎಂದು ಸಂಪಾದಕ ಹೇಳುವುದಿಲ್ಲ. ಅವೆರಡೂ ಒಂದೇ ಹಾಳೆಯಲ್ಲಿವೆ, ಅಷ್ಟೇ.

ಅದೇ ಹಾಳೆ ಇನ್ನೊಂದು ಮಾತನ್ನೂ ಹೇಳುತ್ತದೆ. ನಮಗೆ ತೊಂದರೆ ಇರುವುದು ನಿಜ, ಆದರೆ ನೆರವು ಬರುವವರೆಗೆ ಸಾಲುವಷ್ಟು ಆಹಾರ ನಮ್ಮ ಗಡಿಯೊಳಗೆ ಇದೆ, ಆತ್ಮಸಾಕ್ಷಿಯಾಗಿ ಹೇಳುತ್ತೇವೆ ಎಂದು. ಗ್ರಾಂಟ್ ಜುಲೈ 4ಕ್ಕೆ ವಿಕ್ಸ್‌ಬರ್ಗ್‌ನಲ್ಲೇ ಊಟ ಮಾಡುತ್ತೇನೆ ಎಂದಿದ್ದಾನಂತೆ. ಮೊಲದ ಅಡುಗೆ ಮಾಡುವವನು ಮೊದಲು ಮೊಲವನ್ನು ಹಿಡಿಯಬೇಕು ಎಂದು ಹಂಗಿಸುತ್ತದೆ. ಎರಡೇ ದಿನಕ್ಕೆ, ಜುಲೈ 4ರಂದು, ಊರು ಶರಣಾಯಿತು. ಸುಮಾರು 29,500 ಸೈನಿಕರು ಶಸ್ತ್ರ ಕೆಳಗಿಟ್ಟರು. ಪ್ರಕಾಶಕ ಅಚ್ಚುಕೂಟ ಬಿಟ್ಟು ಓಡಿಹೋಗಿದ್ದ. ಒಳಗೆ ಹೊಕ್ಕ ಉತ್ತರದ ಸಿಪಾಯಿಗಳ ಕಣ್ಣಿಗೆ ಬಿದ್ದದ್ದು ಜೋಡಿಸಿದಂತೆಯೇ ನಿಂತಿದ್ದ ಅಚ್ಚುಮೊಳೆಗಳು. ಅವರಲ್ಲಿ ಆ ಕೆಲಸ ಬಲ್ಲವರಿದ್ದರು. ಕೊನೆಯ ಕಾಲಂನ ಒಂದಷ್ಟನ್ನು ಕಿತ್ತು ಬೇರೆ ಸುದ್ದಿ ತುಂಬಿ, ಕೆಳಗೆ ತಮ್ಮದೊಂದು ಟಿಪ್ಪಣಿ ಸೇರಿಸಿ, ಅದೇ ಗೋಡೆ ಕಾಗದದ ಮೇಲೆ ಪತ್ರಿಕೆಯನ್ನು ಮತ್ತೆ ಅಚ್ಚು ಹಾಕಿದರು. ಎರಡು ದಿನದಲ್ಲಿ ಎಷ್ಟೆಲ್ಲ ಬದಲಾಗುತ್ತದೆ, ಗ್ರಾಂಟ್ ಮೊಲವನ್ನು ಹಿಡಿದಾಯಿತು, ಇದು ಗೋಡೆ ಕಾಗದದ ಕೊನೆಯ ಸಂಚಿಕೆ, ಮುಂದೆ ಅಪರೂಪದ ವಸ್ತುವಾಗಿ ಬೆಲೆ ಬಾಳಲಿದೆ ಎಂಬುದು ಆ ಟಿಪ್ಪಣಿಯ ಸಾರ. ಅವಸರದಲ್ಲಿ ಶೀರ್ಷಿಕೆಯ ‘ಸಿಟಿಜನ್’ ಪದದ ಮೊಳೆಗಳೇ ಹಿಂದುಮುಂದಾಗಿದ್ದವು. ಕೆಲವು ಪ್ರತಿ ತೆಗೆದ ಮೇಲೆ ಸರಿಮಾಡಿದರು. ಟಿಪ್ಪಣಿಯ ಮಾತು ನಿಜವೇ ಆಯಿತು. ಆಮೇಲೆ ಅದರ ನಕಲುಗಳು ಎಷ್ಟು ಬಂದವೆಂದರೆ, ಅಸಲು ಪ್ರತಿ ಗುರುತಿಸುವುದು ಹೇಗೆಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಲಕ್ಷಣಗಳ ಪಟ್ಟಿಯನ್ನೇ ಮಾಡಿ ಇಡಬೇಕಾಯಿತು.

ಸಂಪಾದಕನ ಅಭಿಪ್ರಾಯ ಓದುಗರನ್ನು ಮೋಸ ಮಾಡಬಲ್ಲದು. ತನ್ನನ್ನೇ ಮೋಸ ಮಾಡಿಕೊಳ್ಳಬಲ್ಲದು. ಹಿಟ್ಟಿನ ಬೆಲೆ, ಕೋಳಿಗಳ್ಳತನ, ಹೇಸರಗತ್ತೆಯ ಮಾಂಸ ಹಾಗೆ ಮಾಡಲಾರವು. ನಂಬಿಕೆಯ ಮಾತನ್ನು ಬರೆದ ಕೈಯೇ ಹಸಿವಿನ ಸಾಕ್ಷ್ಯವನ್ನೂ ಮೊಳೆ ಮೊಳೆಯಾಗಿ ಜೋಡಿಸಿತ್ತು. ಅಂತರ್ಯುದ್ಧದ ಕಾಲದ ಊರ ಪತ್ರಿಕೆಗಳನ್ನು ನಾನು ಇಷ್ಟು ಪ್ರೀತಿಯಿಂದ ಓದುವುದು ಇದಕ್ಕಾಗಿಯೇ.

ಎರಡು ಊರು, ಒಂದೇ ಕಣಿವೆ

1860ರ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 4,000 ಪತ್ರಿಕೆಗಳಿದ್ದವು. ಬಹುಪಾಲು ವಾರಪತ್ರಿಕೆಗಳು, ನಾಲ್ಕೇ ಪುಟ, ಊರಿನ ಆಚೆ ಹೆಸರು ಕೇಳದಂಥವು. ಸಂಪಾದಕನೇ ಮಾಲೀಕ, ಕೆಲವೊಮ್ಮೆ ಮೊಳೆ ಜೋಡಿಸುವವನೂ ಅವನೇ. ಮುಖಪುಟದ ತುಂಬ ಜಾಹೀರಾತು, ಕವಿತೆ, ಕಥೆ. ಬೇರೆ ಪತ್ರಿಕೆಗಳು ಅಂಚೆಯಲ್ಲಿ ಬಿಟ್ಟಿಯಾಗಿ ಬರುತ್ತಿದ್ದವು, ಅವುಗಳಿಂದ ಕತ್ತರಿಸಿದ ಸುದ್ದಿ ಒಳಪುಟಕ್ಕೆ. ಊರಿನದೇ ಸುದ್ದಿಗೆ ಸಿಗುತ್ತಿದ್ದ ಜಾಗ ಕಡಿಮೆ. ಊರಿನಲ್ಲಿ ಆದದ್ದು ಪತ್ರಿಕೆ ಬರುವ ಮೊದಲೇ ಎಲ್ಲರಿಗೂ ಗೊತ್ತಿರುತ್ತಿತ್ತಲ್ಲ.

ಯುದ್ಧ ಬಂದ ಮೇಲೆ ಊರು ಎಂಬುದೇ ಹರಡಿಹೋಯಿತು. ರೆಜಿಮೆಂಟುಗಳನ್ನು ಊರು, ತಾಲ್ಲೂಕುಗಳ ಲೆಕ್ಕದಲ್ಲೇ ಕಟ್ಟಿದರು. ಒಂದೇ ಬೀದಿಯ ಹುಡುಗರು ಒಂದೇ ಸಾಲಿನಲ್ಲಿ ನಿಂತು ಹೊಡೆದಾಡಿದರು, ಒಂದೇ ದಿನ ಸತ್ತರು. ಅವರು ಬರೆದ ಪತ್ರಗಳನ್ನು ಪತ್ರಿಕೆ ಅಚ್ಚು ಹಾಕಿತು. ಒಬ್ಬನಿಗೆ ಬಂದ ಪತ್ರದಲ್ಲಿ ಹತ್ತು ಮನೆಯ ಮಕ್ಕಳ ಕ್ಷೇಮಸಮಾಚಾರ ಇರುತ್ತಿತ್ತು. ದೊಡ್ಡ ಕಾಳಗ ಮುಗಿದ ವಾರ ಸತ್ತವರ, ಗಾಯಗೊಂಡವರ, ಕಾಣೆಯಾದವರ ಪಟ್ಟಿ. ಆ ಪಟ್ಟಿಗಳಲ್ಲಿ ತಪ್ಪುಗಳೂ ಇರುತ್ತಿದ್ದವು. ಸತ್ತನೆಂದು ಅಚ್ಚಾದವನು ಮನೆಗೆ ಮರಳಿದ್ದೂ ಉಂಟು. ಪತ್ರಿಕೆ ಹೊತ್ತ ಅಂಚೆಬಂಡಿ ಬರುವ ಹೊತ್ತಿಗೆ ತಾಯಂದಿರು ಏನೆಂದು ಪ್ರಾರ್ಥಿಸುತ್ತಿದ್ದರೋ ಊಹಿಸಿ.

ಈ ದಿನದಿನದ ಬದುಕನ್ನು ಎರಡೂ ಕಡೆಯಿಂದ ನೋಡಬೇಕೆನ್ನುವವರಿಗೆ ಚರಿತ್ರಕಾರ ಎಡ್ವರ್ಡ್ ಏಯರ್ಸ್ ದೊಡ್ಡ ಉಪಕಾರ ಮಾಡಿದ್ದಾರೆ. 1990ರ ದಶಕದಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಅವರೂ ಅವರ ಸಂಗಡಿಗರೂ ಒಂದೇ ದೊಡ್ಡ ಕಣಿವೆಯ ಎರಡು ಊರುಗಳನ್ನು ಆರಿಸಿಕೊಂಡರು: ದಕ್ಷಿಣದ ವರ್ಜೀನಿಯಾದಲ್ಲಿ ಸ್ಟಾಂಟನ್, ಉತ್ತರದ ಪೆನ್ಸಿಲ್ವೇನಿಯಾದಲ್ಲಿ ಚೇಂಬರ್ಸ್‌ಬರ್ಗ್. ನಡುವೆ ಸುಮಾರು 200 ಮೈಲಿ. ಒಂದೇ ಬಗೆಯ ಮಣ್ಣು, ಒಂದೇ ಗೋಧಿ, ಹತ್ತಿರ ಹತ್ತಿರ ಒಂದೇ ಬಗೆಯ ಚರ್ಚುಗಳು. ಒಂದು ಕಡೆ ಗುಲಾಮಗಿರಿ ಇತ್ತು, ಇನ್ನೊಂದು ಕಡೆ ಇರಲಿಲ್ಲ. ಆ ಎರಡೂ ಊರುಗಳ ಪತ್ರಿಕೆ, ಪತ್ರ, ದಿನಚರಿ, ಜನಗಣತಿ ಕಾಗದಗಳನ್ನೆಲ್ಲ ಸೇರಿಸಿ ಯಾರು ಬೇಕಾದರೂ ಓದುವಂತೆ ಇಟ್ಟರು.

ಸ್ಟಾಂಟನ್‌ನಲ್ಲಿ ‘ಸ್ಪೆಕ್ಟೇಟರ್’, ‘ವಿಂಡಿಕೇಟರ್’ ಎಂಬ ಎರಡು ಪತ್ರಿಕೆಗಳು. ಕಿವುಡ-ಮೂಕ ಮತ್ತು ಅಂಧ ಮಕ್ಕಳ ಶಾಲೆಯ ಕಟ್ಟಡ ಸೈನಿಕ ಆಸ್ಪತ್ರೆಯಾಗಿದ್ದ ಊರು ಅದು. ಕಾಲುಚೀಲ ಹೆಣೆದು ಕೊಡಿ, ಕಂಬಳಿ ಕೊಡಿ ಎಂಬ ಕೋರಿಕೆಗಳು, ಬೆಲೆಯೇರಿಕೆಯ ದೂರು, ತನ್ನ ಬದಲು ಸೈನ್ಯಕ್ಕೆ ಹೋಗುವವರು ಬೇಕೆಂದು ಹಣವಂತರ ಜಾಹೀರಾತು. ಚೇಂಬರ್ಸ್‌ಬರ್ಗ್‌ನಲ್ಲೂ ಎರಡು: ಲಿಂಕನ್ ಪಕ್ಷದ ‘ಫ್ರಾಂಕ್ಲಿನ್ ರೆಪಾಸಿಟರಿ’, ವಿರೋಧಿ ಡೆಮಾಕ್ರಟರ ‘ವ್ಯಾಲಿ ಸ್ಪಿರಿಟ್’. ಒಂದೇ ಊರಿನ ಈ ಎರಡು ಪತ್ರಿಕೆಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ, ಯುದ್ಧ ಇದ್ದದ್ದು ಉತ್ತರಕ್ಕೂ ದಕ್ಷಿಣಕ್ಕೂ ನಡುವೆ ಮಾತ್ರವಲ್ಲ, ಒಂದೇ ಬೀದಿಯ ಎರಡು ಬದಿಗಳ ನಡುವೆಯೂ ಎಂಬುದು ಕಾಣುತ್ತದೆ.

1863ರ ಜೂನ್‌ನಲ್ಲಿ ಗೆಟ್ಟಿಸ್‌ಬರ್ಗ್ ಕಾಳಗಕ್ಕೆ ಮೊದಲು ದಕ್ಷಿಣದ ಸೈನ್ಯ ಚೇಂಬರ್ಸ್‌ಬರ್ಗ್‌ಗೆ ನುಗ್ಗಿತು. ಅಂಗಡಿಗಳನ್ನು ಬರಿದು ಮಾಡಿತು, ಕುದುರೆಗಳನ್ನು ಒಯ್ದಿತು. ಸೈನ್ಯ ಹೋದ ಮೇಲೆ ‘ರೆಪಾಸಿಟರಿ’ ಬರೆದ ವರದಿಯಲ್ಲಿ, ಕರಿಯ ಗಂಡಸರು, ಹೆಂಗಸರು, ಮಕ್ಕಳನ್ನು, ಅವರಲ್ಲಿ ಹುಟ್ಟಾ ಸ್ವತಂತ್ರರೂ ಇದ್ದರು, ಹಿಡಿದು ಮಾರಲು ದಕ್ಷಿಣಕ್ಕೆ ಅಟ್ಟಿಕೊಂಡು ಹೋದರು ಎಂಬ ಮಾತಿದೆ. ಗೆಟ್ಟಿಸ್‌ಬರ್ಗ್‌ನ ಸೇನಾಪತಿಗಳ ಬಗ್ಗೆ ಬಂದ ಗ್ರಂಥಗಳ ರಾಶಿಯ ಎದುರು ಊರ ಪತ್ರಿಕೆಯ ಈ ವಾಕ್ಯಕ್ಕೆ ಸಿಗಬೇಕಾದ ತೂಕ ಬಹುಕಾಲ ಸಿಗಲೇ ಇಲ್ಲ.

ಮರುವರ್ಷ ಎರಡೂ ಊರುಗಳ ಅಚ್ಚುಕೂಟಗಳು ಪೆಟ್ಟು ತಿಂದವು. 1864ರ ಜೂನ್‌ನಲ್ಲಿ ಉತ್ತರದ ಜನರಲ್ ಹಂಟರ್‌ನ ಸೈನ್ಯ ಸ್ಟಾಂಟನ್‌ಗೆ ಬಂದಾಗ ಅಚ್ಚುಮೊಳೆಗಳು ಚೆಲ್ಲಾಪಿಲ್ಲಿಯಾದವು. ಹಂಟರ್ ಆ ಕಣಿವೆಯಲ್ಲಿ ಇಟ್ಟ ಬೆಂಕಿಗೆ ಪ್ರತೀಕಾರವೆಂದು ಜುಲೈ 30ರಂದು ದಕ್ಷಿಣದ ಜನರಲ್ ಮೆಕಾಸ್‌ಲ್ಯಾಂಡ್‌ನ ಕುದುರೆ ಸವಾರರು ಚೇಂಬರ್ಸ್‌ಬರ್ಗ್‌ಗೆ ಬಂದರು. ಒಂದು ಲಕ್ಷ ಡಾಲರ್ ಚಿನ್ನ ಇಲ್ಲವೇ ಐದು ಲಕ್ಷ ಡಾಲರ್ ನೋಟು ಕೊಡಿ ಎಂದು ಕೇಳಿದರು. ಕೊಡಲಾಗದ ಊರಿಗೆ ಬೆಂಕಿ ಇಟ್ಟರು. ಐನೂರಕ್ಕೂ ಹೆಚ್ಚು ಕಟ್ಟಡಗಳು ಸುಟ್ಟವು. ಪತ್ರಿಕೆಗಳ ಕಚೇರಿಗಳೂ ಉರಿದುಹೋದವು. ‘ರೆಪಾಸಿಟರಿ’ ತಿಂಗಳೊಳಗೇ ಮತ್ತೆ ಹೊರಬಂದು ತನ್ನ ಊರು ಸುಟ್ಟ ಕಥೆಯನ್ನು ವಿವರವಾಗಿ ಹೇಳಿತು. ಅದರ ಹಿಂದಿನ ಶಕ್ತಿಯಾಗಿದ್ದ ಅಲೆಕ್ಸಾಂಡರ್ ಮೆಕ್ಲೂರ್‌ನ ಮನೆಯೂ ಸುಟ್ಟಿತ್ತು.

ಚಿಂದಿ ಬಟ್ಟೆ, ಬೆಂಡೆ ಬೀಜದ ಕಾಫಿ

ಆ ಕಾಲದಲ್ಲಿ ಕಾಗದ ತಯಾರಾಗುತ್ತಿದ್ದದ್ದು ಹತ್ತಿ, ನಾರುಬಟ್ಟೆಯ ಚಿಂದಿಯಿಂದ. ಕಾಗದದ ಕಾರ್ಖಾನೆಗಳು ಬಹುಪಾಲು ಉತ್ತರದಲ್ಲಿದ್ದವು. ಯುದ್ಧ ಶುರುವಾದ ಕೂಡಲೇ ದಕ್ಷಿಣದ ಪತ್ರಿಕೆಗಳಿಗೆ ಉಸಿರು ಕಟ್ಟಿತು. ದಕ್ಷಿಣ ಕ್ಯಾರೊಲಿನಾದ ಬಾತ್ ಕಾಗದ ಕಾರ್ಖಾನೆ 1863ರಲ್ಲಿ ಸುಟ್ಟುಹೋದದ್ದು ದೊಡ್ಡ ಹೊಡೆತ. ಚಿಂದಿ ಬಟ್ಟೆ ಕೊಡಿ ಎಂದು ಪತ್ರಿಕೆಗಳೇ ಗೃಹಿಣಿಯರನ್ನು ಬೇಡಿಕೊಂಡವು. ಪುಟಗಳು ನಾಲ್ಕರಿಂದ ಎರಡಕ್ಕಿಳಿದವು. ಚಂದಾ ಹಣದ ಬದಲು ಸೌದೆ, ಜೋಳ, ಹಂದಿ ಮಾಂಸ ಕೊಟ್ಟರೂ ಸರಿ ಎಂದವು. ಗೋಡೆ ಕಾಗದ ಬಳಸಿದ್ದು ವಿಕ್ಸ್‌ಬರ್ಗ್ ಒಂದೇ ಅಲ್ಲ. ಲೂಯಿಸಿಯಾನಾದ ‘ಓಪೆಲೂಸಸ್ ಕೂರಿಯರ್’ ಕೂಡ ಆ ದಾರಿ ಹಿಡಿಯಿತು.

ಹಾಗೆ ಕುಗ್ಗಿದ ಪುಟಗಳಲ್ಲೂ ಅಡುಗೆಗೆ ಜಾಗ ಉಳಿಯಿತು. ಉತ್ತರದ ನೌಕಾಪಡೆ ಬಂದರುಗಳನ್ನು ಮುಚ್ಚಿತ್ತು. ಕಾಫಿ ಬೀಜ ಬರುವಂತಿಲ್ಲ. ರೈ ಧಾನ್ಯ, ಚಿಕೋರಿ, ಗೆಣಸು, ಓಕ್ ಮರದ ಕಾಯಿ, ಬೆಂಡೆ ಬೀಜ, ಹೀಗೆ ಏನನ್ನು ಹುರಿದು ಪುಡಿ ಮಾಡಿದರೆ ಕಾಫಿಯ ಹತ್ತಿರ ಬರುತ್ತದೆ ಎಂದು ಪತ್ರಿಕೆಗಳು ಬರೆದವು, ಓದುಗರು ತಿದ್ದಿದರು, ಇನ್ನೊಂದು ಊರಿನ ಪತ್ರಿಕೆ ಅದನ್ನು ಎತ್ತಿಕೊಂಡಿತು. ಹೀಗೆ ಪತ್ರಿಕೆಗಳಲ್ಲಿ ಬಂದ ಉಪಾಯಗಳನ್ನೇ ಆಯ್ದು 1863ರಲ್ಲಿ ರಿಚ್‌ಮಂಡ್‌ನಲ್ಲಿ ‘ಕಾನ್ಫೆಡರೇಟ್ ರಿಸೀಟ್ ಬುಕ್’ ಎಂಬ ಪುಟ್ಟ ಪುಸ್ತಕ ಬಂತು. ಅದರಲ್ಲಿ ಸೇಬಿಲ್ಲದ ಸೇಬಿನ ಕಡುಬಿದೆ: ಒಣ ಬಿಸ್ಕತ್ತು ನೆನೆಸಿ ಹುಳಿ, ಸಕ್ಕರೆ ಸೇರಿಸುವುದು. ಎಳೆ ಮುಸುಕಿನ ಜೋಳದಿಂದ ಮಾಡುವ ಕೃತಕ ಸಿಂಪಿ ಮಾಂಸವಿದೆ. ಇಲ್ಲದ ವಸ್ತುವಿನ ಹೆಸರನ್ನು ಬಿಡದೆ ಹಿಡಿದುಕೊಂಡ ಆ ಅಡುಗೆಗಳನ್ನು ಓದುವಾಗ ಸೈನಿಕ ವರದಿ ಓದುವಾಗ ಆಗದ ಸಂಕಟ ಆಗುತ್ತದೆ.

ಊರನ್ನು ಬಿಟ್ಟು ಓಡಿದ ಪತ್ರಿಕೆಯ ಕಥೆಯೂ ಇದೆ. ‘ಮೆಂಫಿಸ್ ಡೈಲಿ ಅಪೀಲ್’ 1862ರ ಜೂನ್‌ನಲ್ಲಿ, ಉತ್ತರದವರು ಮೆಂಫಿಸ್ ಹಿಡಿಯುವ ಹೊತ್ತಿಗೆ, ಮುದ್ರಣ ಯಂತ್ರವನ್ನು ರೈಲಿಗೆ ಹೇರಿಕೊಂಡು ಹೊರಟಿತು. ಗ್ರೆನಡಾ, ಜಾಕ್ಸನ್, ಮೆರಿಡಿಯನ್, ಅಟ್ಲಾಂಟಾ, ಮಾಂಟ್ಗೊಮರಿ, ಕೊನೆಗೆ 1865ರಲ್ಲಿ ಜಾರ್ಜಿಯಾದ ಕೊಲಂಬಸ್. ಶತ್ರು ಬಂದಂತೆಲ್ಲ ಮುಂದಿನ ಊರಿಗೆ. ‘ಓಡಾಡುವ ಅಪೀಲ್’ ಎಂದೇ ಜನ ಕರೆದರು. ಹೆಸರಿನಲ್ಲಿ ಮೆಂಫಿಸ್ ಉಳಿದರೂ ಮೆಂಫಿಸ್‌ನ ಬೀದಿಯಲ್ಲಿ ಅದು ಸಿಗುತ್ತಿರಲಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು ವರ್ಜೀನಿಯಾದ ಬೆರಿವಿಲ್‌ನಲ್ಲಿ ಆಯಿತು. 1862ರ ಮಾರ್ಚ್‌ನಲ್ಲಿ ಮಿನೆಸೊಟಾದ ಮೊದಲನೆಯ ರೆಜಿಮೆಂಟಿನ ಸಿಪಾಯಿಗಳು ಊರಿಗೆ ಬಂದಾಗ ಅಲ್ಲಿನ ‘ಕನ್ಸರ್ವೇಟರ್’ ಪತ್ರಿಕೆಯ ಹಾಳೆಗಳು ಒಂದು ಮಗ್ಗುಲು ಮಾತ್ರ ಅಚ್ಚಾಗಿದ್ದವು. ಸಿಪಾಯಿಗಳು ಇನ್ನೊಂದು ಮಗ್ಗುಲಿಗೆ ತಮ್ಮ ಪತ್ರಿಕೆ ಅಚ್ಚು ಹಾಕಿ ಹಂಚಿದರು. ಒಂದೇ ಹಾಳೆಯ ಎರಡು ಬದಿಯಲ್ಲಿ ಎರಡು ದೇಶ.

ಮುಚ್ಚಿಟ್ಟ ಸುದ್ದಿ ಕೋರ್ಟಿನಲ್ಲಿ ಸಿಕ್ಕಿತು

ದಕ್ಷಿಣದ ರಾಜಧಾನಿ ರಿಚ್‌ಮಂಡ್‌ನಲ್ಲಿ ಯುದ್ಧಕ್ಕೆ ಮೊದಲು ಇದ್ದದ್ದು 38,000ದಷ್ಟು ಜನ. ಯುದ್ಧ ಕಾಲದಲ್ಲಿ ಅದು ಎರಡು ಪಟ್ಟು ಮೀರಿತು. ಆಹಾರ ಸಾಲಲಿಲ್ಲ. 1863ರ ಏಪ್ರಿಲ್ 2ರಂದು ಹೆಂಗಸರ ದೊಡ್ಡ ಗುಂಪು ಗವರ್ನರ್ ಹತ್ತಿರ ಹೋಗಿ ಅಹವಾಲು ಹೇಳಿಕೊಂಡಿತು. ಸಮಾಧಾನದ ಉತ್ತರ ಸಿಗದೆ ಅಂಗಡಿ ಬೀದಿಗೆ ನುಗ್ಗಿತು. ಹಿಟ್ಟು, ಮಾಂಸ, ಚಪ್ಪಲಿ, ಬಟ್ಟೆ ಹೊತ್ತೊಯ್ದರು. ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್ ಖುದ್ದಾಗಿ ಬೀದಿಗೆ ಬಂದು, ಚದುರದಿದ್ದರೆ ಗುಂಡು ಹಾರಿಸಬೇಕಾಗುತ್ತದೆ ಎಂದ ಮೇಲೆ ಗುಂಪು ಕರಗಿತು.

ಈ ಬಗ್ಗೆ ಒಂದು ಮಾತೂ ಬರೆಯಬೇಡಿ, ಶತ್ರುವಿಗೆ ಅನುಕೂಲವಾಗುತ್ತದೆ ಎಂದು ಯುದ್ಧ ಇಲಾಖೆ ಪತ್ರಿಕೆಗಳನ್ನು ಕೋರಿತು. ತಂತಿ ಕಚೇರಿಗೂ ಅದೇ ಸೂಚನೆ. ಊರಿನ ‘ಎಕ್ಸಾಮಿನರ್’ ಪತ್ರಿಕೆ ಸುಮ್ಮನಿರಲಿಲ್ಲ, ಆದರೆ ಬರೆದದ್ದು ಆ ಹೆಂಗಸರನ್ನು ಸೂಳೆಯರು, ಕಳ್ಳಿಯರು ಎಂದು ಹೀಯಾಳಿಸಿ. ಹಸಿವು ಎಂಬ ಮಾತನ್ನೇ ಅದು ಒಪ್ಪಲಿಲ್ಲ.

ಆಮೇಲೆ ವಿಚಾರಣೆ ಶುರುವಾಯಿತು. ಮೇಯರ್ ಕೋರ್ಟಿನ ಕಲಾಪವನ್ನು ದಿನವೂ ಅಚ್ಚು ಹಾಕುವುದು ಆ ಪತ್ರಿಕೆಗಳ ಹಳೆಯ ಪದ್ಧತಿ. ಯಾರೂ ಆ ಕಾಲಂ ನಿಲ್ಲಿಸಲಿಲ್ಲ. ಯಾವ ಹೆಂಗಸು, ಯಾವ ಅಂಗಡಿ, ಎಷ್ಟು ಮಾಂಸ, ಯಾರು ಜಾಮೀನು ಕೊಟ್ಟರು, ಅವಳ ಗಂಡ ಎಲ್ಲಿದ್ದಾನೆ ಎಂಬ ವಿವರಗಳು ದಿನದಿನವೂ ಹೊರಬಂದವು. ಮುಖ್ಯ ಸುದ್ದಿಯಾಗಿ ಮುಚ್ಚಿಹೋದದ್ದು ಕೋರ್ಟ್ ಸುದ್ದಿಯಾಗಿ ಊರಿಗೆಲ್ಲ ತಿಳಿಯಿತು. ಆ ದಿನ ಬೀದಿಗಿಳಿದ ಹೆಂಗಸರು ಎಂಥವರು ಎಂದು ಚರಿತ್ರಕಾರರು ತಿಳಿದುಕೊಂಡದ್ದರಲ್ಲಿ ದೊಡ್ಡ ಪಾಲು ಈ ಕಾಲಂಗಳಿಂದ. ಕೋರ್ಟ್ ಬೀಟ್ ಮಾಡುವ ವರದಿಗಾರರನ್ನು ನಮ್ಮಲ್ಲೂ ಕಿರಿಯರೆಂದು ನೋಡುವ ಅಭ್ಯಾಸವಿದೆ. ಅದು ಹೋಗಬೇಕು.

ಇಲ್ಲೊಂದು ಮಾತು ನಮ್ಮ ಕಡೆಗೂ ಸೇರಬೇಕು. ಅಮೆರಿಕದ ಬಂದರುಗಳು ಮುಚ್ಚಿದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ಅವುಗಳ ಕಣ್ಣು ಧಾರವಾಡದ ಕರಿನೆಲದ ಮೇಲೆ ಬಿತ್ತು. ಅಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೆಯುತ್ತಿತ್ತು. ಅದನ್ನು ಸಾಗಿಸಲು ಕಾರವಾರವನ್ನು ಬಂದರು ಮಾಡಬೇಕೆಂಬ ಒತ್ತಾಯ ಎದ್ದು, 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಯುದ್ಧ ಮುಗಿದದ್ದೇ ಹತ್ತಿಯ ಬೆಲೆ ಕುಸಿಯಿತು. ನಮ್ಮ ಜಿಲ್ಲೆಯೊಂದರ ಗಡಿಯನ್ನು ಮಿಸಿಸಿಪಿ ದಂಡೆಯ ಯುದ್ಧ ಬರೆಯಿತು ಎಂದರೆ ಅತಿಶಯವಲ್ಲ.

ನಾಲ್ಕನೆಯ ಪುಟ

ಅಮೆರಿಕದ ದಕ್ಷಿಣದಲ್ಲಿ ಹತ್ತಿಯನ್ನು ಬೆಳೆದ ಗುಲಾಮರು ಈ ಪತ್ರಿಕೆಗಳಲ್ಲಿ ಎಲ್ಲಿದ್ದಾರೆ? ವಿಕ್ಸ್‌ಬರ್ಗ್‌ನ ಗುಹೆಗಳನ್ನು ಅಗೆದವರಲ್ಲಿ ಬಹುಮಂದಿ ಗುಲಾಮರು. ಮುತ್ತಿಗೆಯಲ್ಲಿ ಅವರೂ ಇದ್ದರು, ಅವರ ಮೇಲೂ ಗುಂಡು ಬಿತ್ತು, ಅವರಿಗೂ ಹಸಿವಾಯಿತು. ಗೋಡೆ ಕಾಗದದ ‘ಸಿಟಿಜನ್’ ಊರಿನ ಹಸಿವಿನ ಬಗ್ಗೆ ಮಾತಾಡುವಾಗ ಅವರ ಹಸಿವನ್ನು ಬೇರೆ ಮಾಡಿ ಹೇಳುವುದಿಲ್ಲ, ಸೇರಿಸಿಯೂ ಹೇಳುವುದಿಲ್ಲ.

ಜಾಹೀರಾತಿನ ಪುಟದಲ್ಲಿ ಮಾತ್ರ ಅವರು ತುಂಬಿಕೊಂಡಿದ್ದಾರೆ. ದಕ್ಷಿಣದ ಯಾವ ಊರಿನ ಪತ್ರಿಕೆ ತೆಗೆದರೂ ಅದೇ. ಒಳ್ಳೆಯ ಅಡುಗೆಯವಳು ಮಾರಾಟಕ್ಕಿದ್ದಾಳೆ, ಕಮ್ಮಾರಿಕೆ ಬಲ್ಲವನು ವರ್ಷಕ್ಕೆ ಬಾಡಿಗೆಗೆ ಸಿಗುತ್ತಾನೆ, ಹಸು, ನೇಗಿಲು, ಮನೆಯ ಜೊತೆಗೆ ಇಷ್ಟು ಆಳುಗಳ ಹರಾಜಿದೆ. ಇವುಗಳ ನಡುವೆ ಓಡಿಹೋದವರ ಜಾಹೀರಾತು. ಯುದ್ಧ ಮುಂದುವರಿದಂತೆ ಅಂಥವು ‘ಯಾಂಕಿಗಳ (ಉತ್ತರದವರ) ಸೈನ್ಯದ ಕಡೆಗೆ ಹೋಗಿರಬಹುದು’ ಎಂಬ ಊಹೆಯೊಂದಿಗೆ ಬರತೊಡಗುತ್ತವೆ. ಹಿಡಿದುಕೊಡಬೇಕಾದ್ದರಿಂದ ವಿವರಣೆ ನಿಖರವಾಗಿರಲೇಬೇಕು. ಎತ್ತರ, ಮೈಬಣ್ಣ, ಹಲ್ಲು, ಬೆನ್ನಿನ ಮೇಲಿನ ಕಲೆ, ಉಟ್ಟ ಬಟ್ಟೆ, ಮಾತಿನ ರೀತಿ, ಹೆಂಡತಿ ಯಾವ ತೋಟದಲ್ಲಿದ್ದಾಳೆ, ಓದುಬರಹ ಬರುತ್ತದೆಯೇ. ಗುಲಾಮರು ಸುಖವಾಗಿದ್ದಾರೆ, ಒಡೆಯರಿಗೆ ನಿಷ್ಠರಾಗಿದ್ದಾರೆ ಎಂದು ಎರಡನೆಯ ಪುಟದ ಸಂಪಾದಕೀಯ ಹೇಳಿದ ದಿನವೇ ನಾಲ್ಕನೆಯ ಪುಟದ ಈ ಜಾಹೀರಾತು ಅದು ಸುಳ್ಳೆಂದು ಒಡೆಯನ ಬಾಯಿಂದಲೇ ಹೇಳಿಸುತ್ತಿತ್ತು. ಬೆನ್ನಿನ ಕಲೆ ಎಲ್ಲಿಂದ ಬಂತು ಎಂದು ಜಾಹೀರಾತು ಕೊಟ್ಟವನು ವಿವರಿಸುವುದಿಲ್ಲ. ಅವನಿಗೆ ಅದು ಗುರುತಿನ ಚಿಹ್ನೆ.

ಇವನ್ನು ಅಚ್ಚು ಹಾಕಿದ ಸಂಪಾದಕರಲ್ಲಿ ಹಲವರು ಊರಿನ ಗೌರವಸ್ಥರು, ಚರ್ಚಿನ ಹಿರಿಯರು, ವಿಧವೆಯರಿಗೆ ಸಹಾಯಧನ ಎತ್ತಿಕೊಟ್ಟವರು. ದಿನದಿನದ ಬದುಕನ್ನು ಅವರು ಪ್ರಾಮಾಣಿಕವಾಗಿ ದಾಖಲಿಸಿದರು. ಆ ಬದುಕಿನಲ್ಲಿ ಮನುಷ್ಯರ ಮಾರಾಟವೂ ಹಿಟ್ಟಿನ ಬೆಲೆಯಷ್ಟೇ ಸಹಜವಾಗಿತ್ತು. ಇದನ್ನು ಅವರ ಕಾಲ ಹಾಗಿತ್ತು ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದೇ ಕಾಲದಲ್ಲಿ ಅದನ್ನು ಪಾಪವೆಂದು ಬರೆದ ಪತ್ರಿಕೆಗಳೂ ಇದ್ದವು. 1864ರಲ್ಲಿ ಕರಿಯರೇ ನಡೆಸಿದ ಮೊದಲ ದಿನಪತ್ರಿಕೆ ‘ನ್ಯೂ ಆರ್ಲಿಯನ್ಸ್ ಟ್ರಿಬ್ಯೂನ್’ ಆರಂಭವಾಯಿತು, ಇನ್ನೂ ಯುದ್ಧ ನಡೆಯುತ್ತಿರುವಾಗಲೇ.

ಯುದ್ಧ ಮುಗಿದ ಮೇಲೆ ಅದೇ ಜಾಹೀರಾತಿನ ರೂಪವನ್ನು ಬಿಡುಗಡೆಯಾದವರು ತಮ್ಮ ಕೈಗೆ ತೆಗೆದುಕೊಂಡರು. 1865ರಿಂದ ನ್ಯಾಶ್‌ವಿಲ್‌ನ ‘ಕಲರ್ಡ್ ಟೆನೆಸಿಯನ್’, ಫಿಲಡೆಲ್ಫಿಯಾದ ‘ಕ್ರಿಶ್ಚಿಯನ್ ರೆಕಾರ್ಡರ್’ ಮುಂತಾದ ಪತ್ರಿಕೆಗಳಲ್ಲಿ ‘ಮಾಹಿತಿ ಬೇಕಾಗಿದೆ’ ಎಂಬ ಸಣ್ಣ ಜಾಹೀರಾತುಗಳು ಬರತೊಡಗಿದವು. ನನ್ನ ತಾಯಿಯ ಹೆಸರು ಇದು, ಅಣ್ಣ ತಮ್ಮಂದಿರ ಹೆಸರುಗಳು ಇವು, ನಾವು ಇಂಥವನ ವಶದಲ್ಲಿದ್ದೆವು, ಅವನು ಸತ್ತ ಮೇಲೆ ಆಸ್ತಿ ಹಂಚುವಾಗ ಬೇರೆಯಾದೆವು, ನನ್ನನ್ನು ಇಂಥ ವ್ಯಾಪಾರಿ ಇಂಥ ಊರಿಗೆ ಒಯ್ದ, ಆಗ ನಾನು ಚಿಕ್ಕವಳು, ಸುಳಿವು ಗೊತ್ತಿದ್ದವರು ಈ ಚರ್ಚಿನ ಪಾದ್ರಿಗೆ ಬರೆಯಿರಿ. ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಮಾರಿದವನ ಹೆಸರು, ಕೊಂಡವನ ಹೆಸರು, ಊರು, ಅಂದಾಜು ವರ್ಷ. ಬಹಳ ಜನರಿಗೆ ತಮ್ಮ ತಾಯಿಯನ್ನು ಹುಡುಕಲು ಉಳಿದಿದ್ದ ವಿಳಾಸ ಅವಳನ್ನು ಮಾರಿದವನ ಹೆಸರೊಂದೇ.

ನ್ಯೂ ಆರ್ಲಿಯನ್ಸ್‌ನ ‘ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್’ ಪತ್ರಿಕೆ ಇದಕ್ಕಾಗಿಯೇ ‘ಕಳೆದುಹೋದ ಬಂಧುಗಳು’ ಎಂಬ ಅಂಕಣ ನಡೆಸಿತು. ಚಂದಾದಾರರಿಗೆ ಉಚಿತ, ಉಳಿದವರಿಗೆ ಐವತ್ತು ಸೆಂಟ್. ಓದಲು ಬಾರದವರೇ ಹೆಚ್ಚಿದ್ದ ಕಾರಣ, ಭಾನುವಾರದ ಪ್ರಾರ್ಥನೆಯಲ್ಲಿ ಈ ಜಾಹೀರಾತುಗಳನ್ನು ಗಟ್ಟಿಯಾಗಿ ಓದಬೇಕೆಂದು ಪಾದ್ರಿಗಳನ್ನು ಕೇಳಿಕೊಂಡಿತು. ಇಂಥ ಜಾಹೀರಾತುಗಳು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳವರೆಗೂ ಬಂದವು, ಅಂದರೆ ಬೇರ್ಪಟ್ಟು ಐವತ್ತು ವರ್ಷ ಕಳೆದವರೂ ಹುಡುಕುತ್ತಿದ್ದರು.

ವಿಲನೋವಾ ವಿಶ್ವವಿದ್ಯಾಲಯದಲ್ಲಿ ಜೂಡಿತ್ ಗೀಸ್‌ಬರ್ಗ್ ಮತ್ತು ಅವರ ತಂಡ ಇವುಗಳಲ್ಲಿ ಸಾವಿರಾರನ್ನು ಒಟ್ಟುಮಾಡಿದೆ. ಕಾರ್ನೆಲ್ ವಿಶ್ವವಿದ್ಯಾಲಯದವರು ಓಡಿಹೋದವರ ಜಾಹೀರಾತುಗಳನ್ನು ಸಂಗ್ರಹಿಸುತ್ತಿದ್ದಾರೆ. ಕಪ್ಪು ಅಮೆರಿಕನ್ನರು ತಮ್ಮ ವಂಶವೃಕ್ಷ ಹುಡುಕುತ್ತ ಹೋದರೆ 1870ರ ಜನಗಣತಿಯಲ್ಲಿ ಗೋಡೆಯೊಂದು ಎದುರಾಗುತ್ತದೆ. ಅದಕ್ಕೂ ಹಿಂದಿನ 1850, 1860ರ ಗಣತಿಗಳಲ್ಲಿ ಗುಲಾಮರನ್ನು ವಯಸ್ಸು, ಲಿಂಗ, ಬಣ್ಣದಿಂದ ಎಣಿಸಿದ್ದಾರೆ; ಹೆಸರು ಬರೆದದ್ದು ಒಡೆಯನದು. ಆ ಗೋಡೆಯ ಆಚೆಗೆ ಮುತ್ತಜ್ಜಿಯ, ಮುತ್ತಜ್ಜನ ಹೆಸರನ್ನು ಹುಡುಕುವವರು ಈಗ ಬರುವುದು ಈ ಎರಡು ಬಗೆಯ ಜಾಹೀರಾತುಗಳಿಗೆ: ಅವಳನ್ನು ಹುಡುಕಿದ ಮಗಳು ಕೊಟ್ಟದ್ದು, ಅವನನ್ನು ಹಿಡಿಯಬೇಕೆಂದು ಒಡೆಯ ಕೊಟ್ಟದ್ದು. ಎರಡನ್ನೂ ಪತ್ರಿಕೆಗಳು ಪುಟದ ಮೂಲೆಯಲ್ಲಿ, ಸಣ್ಣ ಮೊಳೆಯಲ್ಲಿ ಅಚ್ಚು ಹಾಕಿದ್ದವು.